ನಿಂತು ಗುಡಿಸುವ ಯಂತ್ರ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ಅವರು ನನ್ನಿಂದ ನಿರೀಕ್ಷಿಸಿದ್ದು ಷಟ್ಪದಿಯ ಲಕ್ಷಣವನ್ನೋ ಹಳಗನ್ನಡ ವ್ಯಾಕರಣದ ಒಂದು ಸಂದೇಹಸ್ಥಾನವನ್ನೋ ಕುರಿತ ಪ್ರಬಂಧವನ್ನೆಂಬುದು ನನಗೆ ವಿದಿತವೇ ಇತ್ತು. ಅಂಥವುಗಳನ್ನು ಹಿಂದಿನ ಸಂಚಿಕೆಗಳಿಗೆ ಬರೆದುಕೊಟ್ಟೂ ಇದ್ದೇನೆ. ಓದಿದವರೆಷ್ಟು ಮಂದಿ ಎಂದು ವಿಚಾರಿಸುವ ಸಾಹಸವನ್ನು ಮಾತ್ರ ಮಾಡಿಲ್ಲ. ಈ ಬಾರಿ ನಾನು ಬರೆಯಹೊರಟಿರುವುದು ಕಸ ಗುಡಿಸುವ ಒಂದು ಯಂತ್ರವನ್ನು ಕುರಿತು. ವಿದ್ವಾನ್ ಪರೀಕ್ಷೆಗೆ ಓದಿದವನಿಗೆ ಈ ವಿಷಯದಲ್ಲಿ ಅಧಿಕಾರವೇನೆಂದು ಸಹೋದ್ಯೋಗಿ ಮಿತ್ರರು ಕೇಳಬಹುದು. ಮೂರು ದಶಕಗಳ ಕಾಲ ಸೀಮೆಸುಣ್ಣದ ಧೂಳನ್ನು ಉಸಿರಾಡಿದವನೆಂಬುದೇ ನನ್ನ ಅಧಿಕಾರ. ನನ್ನ ಉಬ್ಬಸಕ್ಕೆ ಧೂಳು ವೈರಿಯೆಂದು ವೈದ್ಯರು ನಿರ್ಣಯಿಸಿದ ಮೇಲೆ ಆ ಪದಾರ್ಥದ ವಿಷಯದಲ್ಲಿ ನನಗೆ ಹುಟ್ಟಿದ ಜಿಜ್ಞಾಸೆ ಸಾಮಾನ್ಯವಾದುದಲ್ಲ.

2016ರ ಬೇಸಿಗೆಯಲ್ಲಿ, ನಮ್ಮ ಶಾಲೆಯಲ್ಲಿ ಓದಿ ಈಗ ಅಮೆರಿಕದ ಓಹಿಯೋ ಸಂಸ್ಥಾನದಲ್ಲಿ ಎಂಜಿನಿಯರಾಗಿ ನೆಲೆಸಿರುವ ಶಿಷ್ಯನೊಬ್ಬನು ನನ್ನನ್ನು ತನ್ನ ಮನೆಗೆ ಕರೆಸಿಕೊಂಡು ಒಂದು ತಿಂಗಳು ಇರಿಸಿಕೊಂಡನು. ಆತನ ಮನೆಯ ನೆಲಮಾಳಿಗೆಯಲ್ಲಿ ಹನ್ನೊಂದು ಯಂತ್ರಗಳು ಗೋಡೆಗೆ ಒರಗಿಕೊಂಡು ಸಾಲಾಗಿ ನಿಂತಿದ್ದವು. ಒಂದೊಂದಕ್ಕೂ ಉದ್ದವಾದ ಹಿಡಿ, ಹಿಡಿಗೆ ನೇತುಬಿದ್ದ ಬಟ್ಟೆಯ ಚೀಲ, ಅಡಿಯಲ್ಲಿ ಲೋಹದ ತಲೆ, ಚಿಕ್ಕ ಗಾಲಿಗಳು. ಮಂದಬೆಳಕಿನಲ್ಲಿ ಜೋಳಿಗೆ ಹೊತ್ತ ಬೈರಾಗಿಗಳ ಗುಂಪೊಂದು ಅಲ್ಲಿ ತಂಗಿರುವಂತೆ ಕಾಣಿಸಿತು. ಇವೆಲ್ಲ ಹಳೆಯ ಕಾಲದ ವ್ಯಾಕ್ಯೂಮ್ ಕ್ಲೀನರುಗಳೆಂದೂ, ಜನ ಬೀದಿಯಲ್ಲಿ ಎಸೆದವನ್ನೂ ಮನೆಯಂಗಳದ ಮಾರಾಟಗಳಲ್ಲಿ ಮೂರು ಕಾಸಿಗೆ ಬಿಕರಿಯಾದವನ್ನೂ ತಂದು ರಿಪೇರಿ ಮಾಡುವುದು ತನ್ನ ಹವ್ಯಾಸವೆಂದೂ ಆತನು ಸಂಕೋಚದಿಂದ ಹೇಳಿದನು. ಮರುದಿನವೇ ಇನ್ನೊಂದನ್ನು ಹೊತ್ತು ತಂದನು. ಅದು ಗುಂಯ್ಗುಡುತ್ತಿತ್ತು, ಆದರೆ ಕಸವನ್ನು ಮುಟ್ಟುತ್ತಿರಲಿಲ್ಲ. ತಲೆಕೆಳಗು ಮಾಡಿ, ಅಡಿಯ ತಗಡನ್ನು ತೆಗೆದು, ನನ್ನ ಮುಂದೆ ಹಿಡಿದನು. "ಗುರುಗಳೇ, ಇದಕ್ಕ ಏನೂ ಆಗಿಲ್ರಿ. ಬೆಲ್ಟ್ ಹರದೈತಿ, ಅಷ್ಟ." ಒಂದು ರಬ್ಬರಿನ ಪಟ್ಟಿಯನ್ನು ಹಾಕಲು ಆತನಿಗೆ ಹಿಡಿದದ್ದು ಎರಡು ನಿಮಿಷ. ಐವತ್ತು ವರ್ಷ ಹಳೆಯದಾದ ಆ ಯಂತ್ರವು ಮತ್ತೆ ಕೆಲಸಕ್ಕೆ ನಿಂತಿತು. ಅಂದಿನಿಂದ ನನಗೂ ಈ ಹುಚ್ಚು ಅಂಟಿಕೊಂಡಿತು.

ಮೊದಲು ಹೆಸರಿನ ವಿಚಾರ. ಪಂಡಿತನಾದವನು ಅದನ್ನು ಬಿಟ್ಟು ಮುಂದೆ ಹೋಗಲಾರನು. ವ್ಯಾಕ್ಯೂಮ್ ಎಂಬುದಕ್ಕೆ ನಮ್ಮ ಪಠ್ಯಪುಸ್ತಕಗಳು ನಿರ್ವಾತವೆಂಬ ಶಬ್ದವನ್ನು ಬಳಸುತ್ತವೆ. ವಾಯುವಿಲ್ಲದ ಸ್ಥಳವೆಂದು ಅದರ ಅರ್ಥ. ಆದರೆ ಈ ಯಂತ್ರದೊಳಗೆ ವಾಯುವಿಲ್ಲದ ಸ್ಥಳವೆಂಬುದು ಎಲ್ಲಿಯೂ ಇಲ್ಲ! ಅದರ ಒಳಗಿರುವುದೆಲ್ಲ ಗಾಳಿಯೇ, ಅದರ ಬಲವೂ ಗಾಳಿಯೇ. ಪೂರ್ಣ ನಿರ್ವಾತವಿದ್ದರೆ ವಾತಾವರಣದ ಒತ್ತಡವು ನೀರನ್ನು ಕೊಳವೆಯಲ್ಲಿ ಸುಮಾರು 10 ಮೀಟರು ಎತ್ತರಕ್ಕೆ ಏರಿಸಬಲ್ಲದು. ಹಳೆಯ ನಿಲುಯಂತ್ರಗಳು ಏರಿಸುವುದು ಅರ್ಧ ಮೀಟರಿನ ಆಸುಪಾಸು. ಎಂದರೆ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಒತ್ತಡವನ್ನು ಅವು ಇಳಿಸುತ್ತವೆ, ಅಷ್ಟೇ. ಆದುದರಿಂದ ಇದನ್ನು ನಿರ್ವಾತಯಂತ್ರವೆನ್ನುವುದು ಉಪಚಾರದ ಮಾತು. ಯಂತ್ರವು ಕಸವನ್ನು ಎಳೆದುಕೊಳ್ಳುತ್ತದೆಂಬ ಮಾತೂ ಹಾಗೆಯೇ. ಒಳಗಿನ ಫ್ಯಾನು ಗಾಳಿಯನ್ನು ಹಿಂದಕ್ಕೆ ತಳ್ಳಿದಾಗ ಮುಂದೆ ಒತ್ತಡ ಕಡಿಮೆಯಾಗುತ್ತದೆ. ಆ ಕೊರತೆಯನ್ನು ತುಂಬಲು ಹೊರಗಿನ ವಾತಾವರಣವು ನುಗ್ಗಿ ಬರುತ್ತದೆ. ಬರುವಾಗ ದಾರಿಯಲ್ಲಿದ್ದ ಧೂಳನ್ನು ಒಯ್ಯುತ್ತದೆ. ಕೆಲಸ ಮಾಡುವುದು ಕೋಣೆಯ ಗಾಳಿ, ಕೀರ್ತಿ ಯಂತ್ರದ ಪಾಲಿಗೆ.

ಈ ತತ್ತ್ವವನ್ನು ಕಾರ್ಯರೂಪಕ್ಕೆ ತಂದು ಹೆಸರಾದವರಲ್ಲಿ ಮೊದಲಿಗರು ಇಂಗ್ಲೆಂಡಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್. ಅಂದಿನ ಕೆಲವು ಯಂತ್ರಗಳು ಧೂಳನ್ನು ಊದಿ ಹಾರಿಸುತ್ತಿದ್ದವು. ಊದುವ ಬದಲು ಹೀರಿದರೇನೆಂದು ಯೋಚಿಸಿದ ಬೂತ್ ಅವರು ಉಪಾಹಾರಗೃಹವೊಂದರ ಕುರ್ಚಿಯ ಮೆತ್ತೆಯ ಮೇಲೆ ಕರವಸ್ತ್ರವನ್ನಿಟ್ಟು, ಬಾಯಿಂದ ಹೀರಿ, ವಸ್ತ್ರದ ಅಡಿಯಲ್ಲಿ ಮೂಡಿದ ಕಪ್ಪು ಗುರುತನ್ನು ನೋಡಿ ಸಂತೋಷಪಟ್ಟರಂತೆ. 1901ರಲ್ಲಿ ಅವರು ನಿರ್ಮಿಸಿದ ಯಂತ್ರವು ಕುದುರೆಗಳು ಎಳೆಯುವ ಬಂಡಿಯ ಮೇಲೆ ಕುಳಿತಿತ್ತು. ಅದು ಬೀದಿಯಲ್ಲಿ ನಿಲ್ಲುತ್ತಿತ್ತು. ಉದ್ದವಾದ ಕೊಳವೆಗಳು ಕಿಟಕಿಗಳ ಮೂಲಕ ಮನೆಯೊಳಗೆ ಹೋಗುತ್ತಿದ್ದವು. 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕಾಗಿ ವೆಸ್ಟ್‌ಮಿನ್‌ಸ್ಟರ್ ಅಬೆಯ ರತ್ನಗಂಬಳಿಗಳನ್ನು ಶುಚಿಗೊಳಿಸಿದ್ದು ಇದೇ ಯಂತ್ರ. ದೊರೆಗಳಿಗೂ ಸಿರಿವಂತರಿಗೂ ಒದಗಿದ ಈ ಸೌಕರ್ಯವು ಸಾಮಾನ್ಯ ಗೃಹಿಣಿಗೆ ಎಟುಕುವಂತಿರಲಿಲ್ಲ. ಆಕೆಯ ಕೈಗೆ ಅದನ್ನು ತಂದುಕೊಟ್ಟವನು ಬೇರೊಬ್ಬನು. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಅವನ ಕಥೆಯನ್ನು.

ಅವನ ಹೆಸರು ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಓಹಿಯೋ ಸಂಸ್ಥಾನದ ಕ್ಯಾಂಟನ್ ಪಟ್ಟಣದಲ್ಲಿ ಒಂದು ದೊಡ್ಡ ಬಟ್ಟೆಬರೆಯ ಅಂಗಡಿಯಲ್ಲಿ ಅವನು ಜವಾನನಾಗಿದ್ದನು. 1907ರಲ್ಲಿ ಅವನಿಗೆ ಅರುವತ್ತು ಸಮೀಪಿಸಿತ್ತು. ಹಿಂದೆ ಬೇಸಾಯದ ಉಪಕರಣಗಳನ್ನು ಕಲ್ಪಿಸಿ ಪೇಟೆಂಟುಗಳನ್ನು ಪಡೆದಿದ್ದರೂ ಅವುಗಳಿಂದ ಕೈಗೆ ಹಣ ಹತ್ತಿರಲಿಲ್ಲ. ಅಂಗಡಿಯ ನೆಲಕ್ಕೆ ಹಾಸಿದ ರತ್ನಗಂಬಳಿಗಳನ್ನು ಅವನು ಕೈಯಿಂದ ತಳ್ಳುವ ಉರುಳುಕುಂಚದ ಗಾಡಿಯಿಂದ ಗುಡಿಸಬೇಕಾಗಿತ್ತು. ಆ ಬಗೆಯ ಗಾಡಿಗೆ ಮಿಷಿಗನ್ನಿನ ಮೆಲ್ವಿಲ್ ಬಿಸೆಲ್ 1876ರಲ್ಲಿ ಪೇಟೆಂಟು ಪಡೆದಿದ್ದನು. ಅದು ಕಸವನ್ನು ಎತ್ತುತ್ತಿತ್ತು, ಧೂಳನ್ನು ಎಬ್ಬಿಸುತ್ತಿತ್ತು. ಸ್ಪ್ಯಾಂಗ್ಲರನಿಗೋ ಉಬ್ಬಸ. ಪ್ರತಿದಿನದ ಕೆಲಸವು ಪ್ರತಿದಿನವೂ ಅವನ ಎದೆಯನ್ನು ಹಿಂಡುತ್ತಿತ್ತು. ಕೆಲಸ ಬಿಟ್ಟರೆ ಹೊಟ್ಟೆಗಿಲ್ಲ, ಮಾಡಿದರೆ ಉಸಿರಿಗಿಲ್ಲ. ಈ ಇಕ್ಕಟ್ಟಿನಲ್ಲಿ ಸಿಕ್ಕ ಆ ಮನುಷ್ಯನು ಒಂದು ಫ್ಯಾನಿನ ವಿದ್ಯುತ್ ಮೋಟಾರನ್ನು ತೆಗೆದುಕೊಂಡನು. ಅದನ್ನು ಒಂದು ಪೆಟ್ಟಿಗೆಗೆ ಜೋಡಿಸಿದನು. ಮುಂದುಗಡೆ ತಿರುಗುವ ಕುಂಚವನ್ನಿಟ್ಟನು. ಹಿಂದುಗಡೆ ಪೊರಕೆಯ ಹಿಡಿಯನ್ನು ನೆಟ್ಟನು. ಗಾಳಿ ಹೊರಹೋಗುವ ಬಾಯಿಗೆ ದಿಂಬಿನ ಗವಸನ್ನು ಕಟ್ಟಿದನು. ಧೂಳು ಗವಸಿನೊಳಗೆ ಉಳಿಯಿತು, ಗಾಳಿ ಬಟ್ಟೆಯ ಎಳೆಗಳ ನಡುವೆ ನುಸುಳಿ ಹೊರಬಂದಿತು. 1908ರ ಜೂನ್ 2ರಂದು ಅವನಿಗೆ ಪೇಟೆಂಟು ದೊರೆಯಿತು.

ಈ ವೃತ್ತಾಂತವನ್ನು ಶಿಷ್ಯನ ಬಾಯಿಂದ ಕೇಳಿದ ದಿನ ನನಗೆ ಥಟ್ಟನೆ ನೆನಪಾದದ್ದು ಸಾವಿರಾರು ಮೈಲಿ ದೂರದ ನಮ್ಮ ಸಭಾಭವನ. ಪ್ರತಿಯೊಂದು ಸಮಾರಂಭದ ಹಿಂದಿನ ದಿನ ನಮ್ಮ ಹಿರಿಯ ಜವಾನರು ಮೂಗುಬಾಯಿಗಳಿಗೆ ಪಂಚೆಯ ತುಂಡನ್ನು ಬಿಗಿದುಕೊಂಡು ಅಲ್ಲಿಯ ಹಾಸುಗಳನ್ನು ಝಾಡಿಸುತ್ತಿದ್ದುದನ್ನು ನಾನು ಎಷ್ಟು ವರ್ಷಗಳಿಂದ ಕಂಡಿಲ್ಲ! ಅವರ ಕೆಮ್ಮನ್ನೂ ಕೇಳಿದ್ದೇನೆ. ಧೂಳಿಗೆ ಹೆದರಿ ಹೊರಗೆ ನಿಂತು, ಮುಗಿದ ಮೇಲೆ ಒಳಗೆ ಹೋಗಿ ಭಾಷಣ ಮಾಡಿದವನು ನಾನು. ನನ್ನ ಉಬ್ಬಸವನ್ನು ಕುರಿತು ಊರಿನವರಿಗೆಲ್ಲ ಹೇಳಿಕೊಂಡವನು ಅವರ ಕೆಮ್ಮಿನ ವಿಷಯವನ್ನು ಒಂದು ದಿನವಾದರೂ ವಿಚಾರಿಸಿರಲಿಲ್ಲ. ಈ ಮಾತನ್ನು ಇಲ್ಲಿಗೆ ನಿಲ್ಲಿಸಿ ಕಥೆಗೆ ಮರಳುತ್ತೇನೆ.

ಸ್ಪ್ಯಾಂಗ್ಲರನಿಗೆ ಯಂತ್ರವನ್ನು ಮಾಡಲು ಬರುತ್ತಿತ್ತು, ಮಾರಲು ಬಂಡವಾಳವಿರಲಿಲ್ಲ. ಪರಿಚಿತಳಾದ ಸೂಸನ್ ಹೂವರ್ ಎಂಬ ಗೃಹಿಣಿಗೆ ಅವನು ಒಂದನ್ನು ತೋರಿಸಿದನು. ಆಕೆಗೆ ಅದು ಹಿಡಿಸಿತು, ಗಂಡನಿಗೆ ಹೇಳಿದಳು. ಆಕೆಯ ಗಂಡ ವಿಲಿಯಂ ಹೆನ್ರಿ ಹೂವರ್ ಸಮೀಪದ ನ್ಯೂ ಬರ್ಲಿನ್ ಎಂಬ ಊರಿನಲ್ಲಿ ಕುದುರೆಗಳ ಜೀನು, ಲಗಾಮು ಮೊದಲಾದ ತೊಗಲಿನ ಸಾಮಾನುಗಳ ಕಾರ್ಖಾನೆಯ ಯಜಮಾನ. ಮೋಟಾರುಗಾಡಿಗಳು ಬಂದಂತೆ ಕುದುರೆಗಳ ಕಾಲ ಮುಗಿಯಿತೆಂಬುದು ಆ ದೂರದರ್ಶಿಗೆ ಹೊಳೆದಿತ್ತು. 1908ರಲ್ಲಿ ಪೇಟೆಂಟನ್ನು ಕೊಂಡು, ಸ್ಪ್ಯಾಂಗ್ಲರನನ್ನು ಜೊತೆಗಿರಿಸಿಕೊಂಡು, ಅವನಿಗೆ ಗೌರವಧನ ಸಲ್ಲುವಂತೆ ಏರ್ಪಡಿಸಿ, ಕಾರ್ಖಾನೆಯಲ್ಲಿಯೇ ಯಂತ್ರಗಳನ್ನು ತಯಾರಿಸತೊಡಗಿದನು. ಮೊದಲ ಮಾದರಿಗೆ ‘ಓ’ ಎಂದು ಹೆಸರು. ತೂಕ ಸುಮಾರು 40 ಪೌಂಡು. ಆ ವರ್ಷದ ಡಿಸೆಂಬರಿನಲ್ಲಿ ಪತ್ರಿಕೆಯೊಂದರಲ್ಲಿ ಜಾಹೀರಾತು ಕೊಟ್ಟು, ಯಾರು ಬರೆದು ಕೇಳಿದರೂ ಹತ್ತು ದಿನ ಬಿಟ್ಟಿಯಾಗಿ ಬಳಸಿ ನೋಡಬಹುದೆಂದು ಸಾರಿದನು. ಪತ್ರಗಳು ಬಂದವು. ಯಂತ್ರವನ್ನು ನೇರವಾಗಿ ಕಳುಹಿಸದೆ ಆಯಾ ಊರಿನ ಅಂಗಡಿಯೊಂದರ ಮೂಲಕ ಕೊಡಿಸಿದನು. ಹೀಗೆ ಊರೂರಿಗೆ ಒಬ್ಬ ಮಾರಾಟಗಾರನು ತಾನಾಗಿ ಸಿದ್ಧನಾದನು. ವ್ಯಾಪಾರಿಯ ಬುದ್ಧಿಯೆಂದರೆ ಇದು. ಸ್ಪ್ಯಾಂಗ್ಲರನು 1915ರಲ್ಲಿ ತೀರಿಕೊಂಡನು.

ಯಂತ್ರದ ಕೀರ್ತಿ ಮಾತ್ರ ಕೊಂಡವನ ಹೆಸರಿಗೆ ಸಂದಿತು. ಬ್ರಿಟನ್ನಿನ ಆಡುಮಾತಿನಲ್ಲಿ ಯಾವ ಕಂಪನಿಯ ಯಂತ್ರವಾದರೂ ‘ಹೂವರ್’ ಎನಿಸಿತು. ಅದರಿಂದ ಗುಡಿಸುವುದೂ ‘ಹೂವರ್ ಮಾಡುವುದು’ ಆಯಿತು. ನಮ್ಮ ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ ಅಂಕಿತನಾಮವೊಂದು ರೂಢನಾಮವಾಗಿ, ಅಲ್ಲಿಗೂ ತೃಪ್ತಿಗೊಳ್ಳದೆ ಧಾತುವಾಗಿ ಪ್ರತ್ಯಯಗಳನ್ನು ಹತ್ತಿಸಿಕೊಂಡಿತು. ನಮ್ಮಲ್ಲಿ ಡಾಲ್ಡಾ, ಜೆರಾಕ್ಸ್ ಎಂಬ ಹೆಸರುಗಳಿಗೆ ಆದ ಗತಿಯನ್ನು ವಾಚಕರು ಬಲ್ಲರು. ನ್ಯಾಯವಾಗಿ ಇಂಗ್ಲೆಂಡಿನ ಗೃಹಿಣಿಯರು ‘ಸ್ಪ್ಯಾಂಗ್ಲರ್ ಮಾಡುತ್ತೇನೆ’ ಎನ್ನಬೇಕಾಗಿತ್ತು. ಉಚ್ಚಾರಣೆಯ ಸೌಕರ್ಯಕ್ಕೆ ನ್ಯಾಯ ಸೋತಿತು.

ಇನ್ನು ಯಂತ್ರದ ರಚನೆ. ನಿಲುಯಂತ್ರಕ್ಕೂ, ಕೊಳವೆಯ ತುದಿಯಿಂದ ಹೀರುವ ಡಬ್ಬಿಯಂತ್ರಕ್ಕೂ ಇರುವ ಭೇದವನ್ನು ಮೊದಲು ತಿಳಿಯಬೇಕು. ಡಬ್ಬಿಯಂತ್ರವು ಗಾಳಿಯ ಸೆಳೆತವೊಂದನ್ನೇ ನಂಬಿದೆ. ನುಣುಪಾದ ನೆಲಕ್ಕೆ ಅದು ಸಾಕು. ಆದರೆ ಕೂದಲುಳ್ಳ ರತ್ನಗಂಬಳಿಯಲ್ಲಿ ಮರಳಿನ ಕಣಗಳು ಎಳೆಗಳ ಬುಡಕ್ಕೆ ಇಳಿದು ಕುಳಿತಿರುತ್ತವೆ. ನಮ್ಮ ಪ್ರಸಾದ ನಿಲಯದಲ್ಲಿ ಬೆಳೆದವರಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ. ಜಾತ್ರೆಗೆ ಮುಂಚೆ ಜಮಖಾನೆಗಳನ್ನು ಗೋಡೆಯ ಮೇಲೆ ಹರವಿ ಕೋಲಿನಿಂದ ಬಡಿದವರು ನಾವೆಲ್ಲರೂ. ಎಷ್ಟು ಗುಡಿಸಿದರೂ ಬರದ ಧೂಳು ಒಂದೇ ಪೆಟ್ಟಿಗೆ ಮೋಡದಂತೆ ಏಳುತ್ತಿತ್ತು. ಬಡಿಯುವುದು, ಕೆರೆಯುವುದು, ಹೀರುವುದು, ಈ ಮೂರನ್ನೂ ಒಂದೇ ಕಾಲಕ್ಕೆ ಮಾಡುವುದೇ ನಿಲುಯಂತ್ರದ ವೈಶಿಷ್ಟ್ಯ.

ಶಿಷ್ಯನು ನನಗೆ ಬಿಚ್ಚಿ ತೋರಿಸಿದ್ದು ಹೀಗೆ. ತಲೆಯ ಅಡಿಯಲ್ಲಿ ಅಡ್ಡಲಾಗಿ ಒಂದು ಸೀಳುಬಾಯಿ. ಬಾಯಿಯೊಳಗೆ ಲಟ್ಟಣಿಗೆಯಂಥ ಒಂದು ಉರುಳೆ. ಮೋಟಾರಿನ ಅಚ್ಚಿನ ತುದಿಯಿಂದ ಈ ಉರುಳೆಗೆ ರಬ್ಬರಿನ ಬೆಲ್ಟು. ಉರುಳೆಯ ಮೈಮೇಲೆ ಕುಂಚದ ಸಾಲುಗಳು, ಅವುಗಳ ನಡುವೆ ನುಣುಪಾದ ಲೋಹದ ಏಣುಗಳು. ಯಂತ್ರ ನಡೆಯತೊಡಗಿದೊಡನೆ ಗಾಳಿಯ ಒತ್ತಡವು ಹಾಸನ್ನು ನೆಲದಿಂದ ತುಸುವೇ ಮೇಲೆತ್ತಿ ಬಾಯಿಗೆ ಒತ್ತುತ್ತದೆ. ಹಾಗೆ ಗಾಳಿಯ ಮೇಲೆ ತೇಲುತ್ತಿರುವ ಹಾಸನ್ನು ಲೋಹದ ಏಣುಗಳು ಬಡಿಯುತ್ತವೆ, ಕುಂಚಗಳು ಎಳೆಗಳನ್ನು ಬಿಡಿಸುತ್ತವೆ, ಸಡಿಲಗೊಂಡ ಧೂಳನ್ನು ಗಾಳಿ ಒಯ್ಯುತ್ತದೆ. ನೆಲಕ್ಕೆ ಅಂಟಿಕೊಂಡ ಹಾಸನ್ನು ಬಡಿದರೆ ಧೂಳು ಇನ್ನೂ ಕೆಳಕ್ಕೆ ಇಳಿದೀತು. ಮೇಲೆತ್ತಿ ಬಡಿಯುವುದರಲ್ಲಿಯೇ ಇರುವುದು ಜಾಣತನ. ಈ ಬಡಿಯುವ ಏಣುಗಳುಳ್ಳ ಉರುಳೆಯನ್ನು ಹೂವರ್ ಕಂಪನಿಯವರು 1926ರಲ್ಲಿ 700ನೆಯ ಸಂಖ್ಯೆಯ ಮಾದರಿಯಲ್ಲಿ ತಂದರು. ಅದಕ್ಕೆ ಮುಂಚೆ ಕುಂಚ ಮಾತ್ರವೇ ಇತ್ತು. ಗೋಡೆಯ ಮೇಲಿನ ಕೋಲು ಯಂತ್ರದ ಹೊಟ್ಟೆಯೊಳಕ್ಕೆ ಸೇರಿದ್ದು ಆ ವರ್ಷ.

ಗಾಳಿಯ ದಾರಿ ಇನ್ನೂ ಕುತೂಹಲಕರವಾದುದು. ಹಳೆಯ ನಿಲುಯಂತ್ರಗಳಲ್ಲಿ ಧೂಳು ತುಂಬಿದ ಗಾಳಿಯು ಬಾಯಿಂದ ನೇರವಾಗಿ ಫ್ಯಾನಿನೊಳಕ್ಕೆ ಹೋಗಿ, ಅದರ ಎಲೆಗಳ ನಡುವೆ ಹಾದು, ಚೀಲಕ್ಕೆ ಊದಲ್ಪಡುತ್ತದೆ. ದಾರಿ ಒಂದು ಗೇಣೋ ಎರಡು ಗೇಣೋ. ಡೊಂಕಿಲ್ಲ, ಉದ್ದದ ಕೊಳವೆಯಿಲ್ಲ. ಆದುದರಿಂದ ಕೆಲವು ನೂರು ವ್ಯಾಟಿನ ಸಣ್ಣ ಮೋಟಾರೇ ಹೇರಳವಾದ ಗಾಳಿಯನ್ನು ಸಾಗಿಸಬಲ್ಲದು. ಮುಂದೆ ಬಂದ ಯಂತ್ರಗಳಲ್ಲಿ ವ್ಯಾಟಿನ ಸಂಖ್ಯೆಯೇ ಪೌರುಷದ ಕುರುಹೆಂಬಂತೆ ಎರಡು ಸಾವಿರವನ್ನೂ ಮೀರಿದ ಮೋಟಾರುಗಳನ್ನು ಹಾಕಿದರು. ಕಡೆಗೆ ಯುರೋಪಿನ ಒಕ್ಕೂಟವು 2014ರಲ್ಲಿ 1600 ವ್ಯಾಟೆಂದೂ 2017ರಲ್ಲಿ 900 ವ್ಯಾಟೆಂದೂ ಮಿತಿಯನ್ನು ಗೊತ್ತುಪಡಿಸಬೇಕಾಯಿತು. ಆ ಸುದ್ದಿಯನ್ನು ಶಿಷ್ಯನು ನನಗೆ ಪತ್ರದಲ್ಲಿ ಬರೆದು, ತನ್ನ ನೆಲಮಾಳಿಗೆಯ ಮುದುಕರೆಲ್ಲ ಈ ಕಾನೂನನ್ನು ಎಂದಿನಿಂದಲೋ ಪಾಲಿಸುತ್ತಿದ್ದಾರೆಂದು ಸೇರಿಸಿದ್ದನು.

ಆದರೆ ನೇರದಾರಿಗೆ ತನ್ನದೇ ಆದ ಅಪಾಯವುಂಟು. ಗಾಳಿಯೊಡನೆ ಬಂದ ಕಲ್ಲು, ಗುಂಡಿ, ಚಿಲ್ಲರೆಕಾಸು ಎಲ್ಲವೂ ವೇಗವಾಗಿ ತಿರುಗುವ ಫ್ಯಾನಿಗೆ ಬಡಿಯುತ್ತವೆ. ಠಣ್ ಎಂಬ ಆ ಸದ್ದನ್ನು ಕೇಳಿದ ಕೂಡಲೇ ಶಿಷ್ಯನು ಕಣ್ಣು ಮುಚ್ಚಿಕೊಂಡು, ಬಂದದ್ದು ಗುಂಡಿಯೋ ಕಾಸೋ ಎಂದು ಹೇಳಿಬಿಡುತ್ತಿದ್ದನು. ಎಲೆ ಮುರಿದರೆ ಯಂತ್ರ ನಡುಗುತ್ತದೆ, ಅರಚುತ್ತದೆ. ಆದುದರಿಂದಲೇ ಒಳ್ಳೆಯ ತಯಾರಕರು ಫ್ಯಾನನ್ನು ಗಟ್ಟಿಯಾದ ಲೋಹದಿಂದ ಎರಕ ಹೊಯ್ಯುತ್ತಿದ್ದರು.

ಈ ಯಂತ್ರಗಳ ರೂಪವನ್ನು ಕುರಿತು ಎರಡು ಮಾತು ಹೇಳದಿರಲಾರೆ. ಮೊದಮೊದಲಿನವು ಮೋಟಾರಿನ ಮೈಯನ್ನು ಮುಚ್ಚದೆ ತೋರಿಸಿಕೊಂಡು ಸಣ್ಣ ಗಿರಣಿಗಳಂತೆ ಕಾಣುತ್ತಿದ್ದವು. 1936ರಲ್ಲಿ ಹೂವರ್ ಕಂಪನಿಯ 150ನೆಯ ಮಾದರಿಗೆ ಹೆನ್ರಿ ಡ್ರೈಫಸ್ ಎಂಬ ಪ್ರಸಿದ್ಧ ವಿನ್ಯಾಸಕಾರರು ಬೇಕಲೈಟಿನ ಮುಸುಕನ್ನು ಹೊದಿಸಿದರು. ಯಂತ್ರವು ಅಂದಿನಿಂದ ರೈಲ್ವೆ ಎಂಜಿನ್ನಿನ ಮೂತಿಯಂತೆ ನುಣುಪಾಯಿತು. ಮುಂದುಗಡೆ ದೀಪವೂ ಇರುತ್ತಿತ್ತು. ಹಗಲಿನಲ್ಲಿ ಕಸ ಗುಡಿಸಲು ದೀಪವೇಕೆಂದು ನಾನು ಕೇಳಿದಾಗ, ಮಂಚದ ಕೆಳಗೆ ನೂಕಿ ನೋಡಿರೆಂದು ಶಿಷ್ಯನು ಹೇಳಿದನು. ನೂಕಿ ನೋಡಿದೆ; ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಂಡೆ. ಕಿರ್ಬಿ ಎಂಬ ಇನ್ನೊಂದು ಪಂಥವುಂಟು; ಓಹಿಯೋದ ಕ್ಲೀವ್‌ಲ್ಯಾಂಡಿನದೇ. ಅದರ ಮೈ ಕನ್ನಡಿಯಂತೆ ಹೊಳೆಯುವ ಅಲ್ಯೂಮಿನಿಯಂ, ಬೆಲೆ ಬಹಳ ಹೆಚ್ಚು. ಮಾರುವವರು ಮನೆಮನೆಗೆ ಬಂದು, ಗೃಹಿಣಿ ಆಗತಾನೆ ಗುಡಿಸಿದ ಹಾಸಿನಿಂದಲೇ ಬಿಳಿಯ ಬಟ್ಟೆಯ ಮೇಲೆ ಧೂಳನ್ನು ತೆಗೆದು ತೋರಿಸಿ ಆಕೆಗೆ ನಾಚಿಕೆ ಹುಟ್ಟಿಸುವ ಪದ್ಧತಿ. ಯಂತ್ರ ಉತ್ತಮವಾದದ್ದೇ, ನಾಚಿಸಿ ಮಾರುವ ಕ್ರಮ ನನಗೆ ಒಪ್ಪಿಗೆಯಿಲ್ಲ.

ಲಂಡನ್ನಿನ ಪಶ್ಚಿಮಕ್ಕೆ ಪೆರಿವೇಲ್ ಎಂಬಲ್ಲಿ 1933ರಲ್ಲಿ ಈ ಯಂತ್ರಗಳಿಗಾಗಿ ತೆರೆದ ಕಾರ್ಖಾನೆಯ ಚಿತ್ರಗಳನ್ನು ನಾನು ನೋಡಿದ್ದೇನೆ. ಬಿಳಿಯ ಗೋಡೆಗಳು, ಬಣ್ಣದ ಹೆಂಚುಗಳ ಅಂಚು, ಅರಮನೆಯಂಥ ಮಹಾದ್ವಾರ. ಪೊರಕೆಗೆ ಪರ್ಯಾಯವಾದ ವಸ್ತುವೊಂದಕ್ಕೆ ಇಂಥ ಮಂದಿರವನ್ನು ಕಟ್ಟಿದವರ ಮನಸ್ಸು ದೊಡ್ಡದು. 1980ರ ದಶಕದ ಆರಂಭದಲ್ಲಿ ಅಲ್ಲಿ ತಯಾರಿಕೆ ನಿಂತಿತು. 1992ರಲ್ಲಿ ಅದರ ಒಂದು ಭಾಗದಲ್ಲಿ ದಿನಸಿ ಅಂಗಡಿ ಬಂದಿತು. ಈಚೆಗೆ ಮುಖ್ಯ ಕಟ್ಟಡದಲ್ಲಿ ವಾಸದ ಮನೆಗಳಾಗಿವೆ. ನ್ಯೂ ಬರ್ಲಿನ್ ಊರು ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಹೆಸರನ್ನು ತೊರೆದು ನಾರ್ತ್ ಕ್ಯಾಂಟನ್ ಆಯಿತು. ಊರಿನ ಬಾಳುವೆಗೆ ಆಧಾರವಾಗಿದ್ದ ಅಲ್ಲಿಯ ಕಾರ್ಖಾನೆ 2007ರಲ್ಲಿ ಬಾಗಿಲು ಮುಚ್ಚಿತು. ಹೂವರ್ ಬಾಲ್ಯವನ್ನು ಕಳೆದ ಮನೆಯಲ್ಲಿ 1978ರಲ್ಲಿ ಸ್ಥಾಪಿತವಾದ ವಸ್ತುಸಂಗ್ರಹಾಲಯಕ್ಕೆ ಶಿಷ್ಯನು ನನ್ನನ್ನು ಕರೆದೊಯ್ದಿದ್ದನು. ಅಲ್ಲಿಯ ಹಳೆಯ ಯಂತ್ರಗಳ ಮುಂದೆ ನಾನು ನಿಂತದ್ದು ಬಹಳ ಹೊತ್ತು.

ಇಂಥ ಯಂತ್ರಗಳನ್ನು ಕೂಡಿಡುವ ಹುಚ್ಚು ನನ್ನ ಶಿಷ್ಯನೊಬ್ಬನದೇ ಅಲ್ಲ. ಸೇಂಟ್ ಲೂಯಿಸ್ ನಗರದ ಫಾಕ್ಸ್ ರಂಗಮಂದಿರದಲ್ಲಿ ಆರ್ಗನ್ ವಾದ್ಯವನ್ನು ನುಡಿಸುತ್ತಿದ್ದ ಸ್ಟ್ಯಾನ್ ಕ್ಯಾನ್ ಎಂಬ ಕಲಾವಿದರು ಹಳೆಯ ವ್ಯಾಕ್ಯೂಮ್ ಕ್ಲೀನರುಗಳ ದೊಡ್ಡ ಸಂಗ್ರಹಕಾರರೂ ಆಗಿದ್ದರು. ಅವನ್ನು ಜಾನಿ ಕಾರ್ಸನ್ನರ ದೂರದರ್ಶನ ಕಾರ್ಯಕ್ರಮಕ್ಕೆ ತಂದು, ಒಂದೊಂದನ್ನೂ ನಡೆಸಿ ತೋರಿಸಲು ಹೋಗಿ ಫಜೀತಿಪಟ್ಟು, ದೇಶವನ್ನೇ ನಗಿಸಿದರು. 2008ರಲ್ಲಿ ಅವರು ತೀರಿಕೊಂಡರು. ಆರ್ಗನ್ನಿನಲ್ಲಿ ನಾದವನ್ನು ಹೊರಡಿಸುವುದೂ ಫ್ಯಾನು ಊದುವ ಗಾಳಿಯೇ ಅಲ್ಲವೆ? ಅವರ ಎರಡು ಪ್ರೀತಿಗಳ ಮೂಲ ಒಂದೇ ಇದ್ದೀತೆಂದು ನನ್ನ ಊಹೆ.

ಹಳೆಯ ನಿಲುಯಂತ್ರಗಳ ಮೇಲೆ ನನಗಿರುವ ಗೌರವಕ್ಕೆ ಮುಖ್ಯ ಕಾರಣ ಅವು ತಮ್ಮನ್ನು ಬಿಚ್ಚಿ ನೋಡಲು ಬಿಡುತ್ತವೆಂಬುದು. ನಾಲ್ಕು ತಿರುಪು, ಒಂದು ಬೆಲ್ಟು, ಮೋಟಾರಿಗೆ ಎರಡು ಇಂಗಾಲದ ಕಡ್ಡಿ. ಸವೆಯುವುದು ಇಷ್ಟೇ, ಸವೆದದ್ದನ್ನು ಬದಲಿಸಿದರೆ ಮತ್ತೆ ಹತ್ತು ವರ್ಷ. ನನ್ನ ಮನೆಯಲ್ಲಿ ಕೊಂಡ ಹೊಸ ಮಿಕ್ಸರೊಂದು ಎರಡನೆಯ ವರ್ಷದಲ್ಲಿಯೇ ಕೆಟ್ಟಾಗ, ಅದನ್ನು ತೆರೆಯಲು ಒಂದೇ ಒಂದು ತಿರುಪೂ ಕಾಣದೆ ಅಂಗಡಿಯವನು ಕೈಚೆಲ್ಲಿದನು. ಪದವನ್ನು ಪ್ರಕೃತಿಪ್ರತ್ಯಯಗಳಾಗಿ ಬಿಡಿಸಲು ಕಲಿತವನಿಗೆ ಬಿಡಿಸಲಾಗದ ವಸ್ತುವಿನ ಮೇಲೆ ವಿಶ್ವಾಸ ಹುಟ್ಟುವುದಿಲ್ಲ.

ಅಭಿಮಾನವಿದೆಯೆಂದು ದೋಷವನ್ನು ಮುಚ್ಚಿಡಬಾರದು. ಈ ಯಂತ್ರಗಳ ಬಟ್ಟೆಯ ಚೀಲ ದಪ್ಪ ಧೂಳನ್ನು ಹಿಡಿಯುತ್ತದೆ; ಕಣ್ಣಿಗೆ ಕಾಣದ ನಯವಾದ ಹುಡಿಯನ್ನು ಬಟ್ಟೆಯ ಕಣ್ಣುಗಳಿಂದ ಕೋಣೆಗೆ ಮರಳಿ ಬಿಡುತ್ತದೆ. ಉಬ್ಬಸದವನೊಬ್ಬನು ತನ್ನ ಉಸಿರಿಗಾಗಿ ಕಲ್ಪಿಸಿದ ಯಂತ್ರವು ಉಬ್ಬಸದವನಿಗೆ ಪೂರ್ತಿ ಹಿತವಾದುದಲ್ಲವೆಂಬುದು ವಿಧಿಯ ವಿಡಂಬನೆ. ಹಳೆಯ ಚೀಲದ ಯಂತ್ರವನ್ನು ಶಿಷ್ಯನು ನಡೆಸಿದ ದಿನ ರಾತ್ರಿ ನಾನು ಎರಡು ಸಲ ಎದ್ದು ಕುಳಿತಿದ್ದೆ. ಈ ಕೊರತೆಯನ್ನು ನೀಗಲು ಬಿಸಾಡಬಹುದಾದ ಕಾಗದದ ಚೀಲಗಳು ಬಂದವು. ಫ್ಯಾನಿಗೆ ಮುಂಚೆಯೇ ಧೂಳನ್ನು ತಡೆಯುವ ಯಂತ್ರಗಳು ಬಂದವು. ಆಮೇಲೆ ಸೂಕ್ಷ್ಮವಾದ ಶೋಧಕಗಳು ಬಂದವು. ಚೀಲದ ಕಣ್ಣುಗಳು ಮುಚ್ಚಿಕೊಂಡರೆ ಸೆಳೆತ ಕುಗ್ಗುತ್ತದೆಂಬುದು ಮತ್ತೊಂದು ದೋಷ. ಇದರಿಂದ ಬೇಸತ್ತ ಇಂಗ್ಲೆಂಡಿನ ಜೇಮ್ಸ್ ಡೈಸನ್ ಅವರು 5127 ಮಾದರಿಗಳನ್ನು ಮಾಡಿ ಮಾಡಿ, ಸುಳಿಗಾಳಿಯ ಬಲದಿಂದ ಧೂಳನ್ನು ಬೇರ್ಪಡಿಸುವ ಚೀಲವಿಲ್ಲದ ಯಂತ್ರವನ್ನು ಸಾಧಿಸಿ 1993ರಲ್ಲಿ ತಮ್ಮ ಹೆಸರಿನಲ್ಲಿಯೇ ಮಾರುಕಟ್ಟೆಗೆ ತಂದರು. ಅದೂ ನಿಲುಯಂತ್ರವೇ ಆಗಿತ್ತು. ಅವರ ಛಲಕ್ಕೆ ನಮಸ್ಕಾರ. ಅದರ ಪ್ಲಾಸ್ಟಿಕ್ಕಿನ ಮೈ ಮಾತ್ರ ನನ್ನ ಮನಸ್ಸನ್ನು ಗೆಲ್ಲಲಿಲ್ಲ.

ನಮ್ಮ ದೇಶದಲ್ಲಿ ನಿಲುಯಂತ್ರ ಏಕೆ ಬೇರೂರಲಿಲ್ಲವೆಂಬುದು ಸ್ಪಷ್ಟವೇ ಇದೆ. ಚಳಿಯ ದೇಶದವರಂತೆ ನಾವು ಗೋಡೆಯಿಂದ ಗೋಡೆಗೆ ಕಂಬಳಿ ಹಾಸುವವರಲ್ಲ. ಶಹಾಬಾದಿನ ಕಲ್ಲಿಗೂ ಗಾರೆಯ ನೆಲಕ್ಕೂ ಕಸಬರಿಗೆ ಸಾಕು, ಮೇಲೆ ಒದ್ದೆಬಟ್ಟೆ. 1982ರಲ್ಲಿ ಆರಂಭವಾದ ಯುರೇಕಾ ಫೋರ್ಬ್ಸ್ ಸಂಸ್ಥೆಯವರು ಮನೆಮನೆಗೆ ಹೋಗಿ ಮಾರಿದ್ದು ಕೊಳವೆಯುಳ್ಳ ಡಬ್ಬಿಯಂತ್ರವನ್ನು. ಕೊರಳಪಟ್ಟಿ ಬಿಗಿದ ಆ ತರುಣರನ್ನು ನೆನೆಯದ ಪಟ್ಟಣವಾಸಿ ವಿರಳ. ನಮ್ಮ ನೆಲಕ್ಕೆ ತಕ್ಕುದನ್ನೇ ಅವರು ತಂದರು, ಅದರಲ್ಲಿ ತಪ್ಪಿಲ್ಲ.

ಆದರೂ ನಮ್ಮ ಸಭಾಭವನದ ವೇದಿಕೆಗೆ ದಾನಿಗಳು ಕೊಟ್ಟ ದಪ್ಪನೆಯ ರತ್ನಗಂಬಳಿಯೊಂದಿದೆಯಷ್ಟೆ. ಊರಿಗೆ ಹೊರಡುವ ಮುನ್ನ ಅದರ ವಿಷಯವನ್ನೂ ಹಿರಿಯ ಜವಾನರ ವಿಷಯವನ್ನೂ ನಾನು ಶಿಷ್ಯನಿಗೆ ತಿಳಿಸಿದೆ. ಆತನು ಬಹಳ ಹೊತ್ತು ಸುಮ್ಮನಿದ್ದು, "ನಾವು ಇದ್ದಾಗೂ ಅವರೇ ಝಾಡಸ್ತಿದ್ರಲ್ರೀ" ಎಂದನು. ಮರುವರ್ಷ ಊರಿಗೆ ಬಂದಾಗ ಹೂವರ್ ಕನ್ವರ್ಟಿಬಲ್ ಎಂಬ ಮಾದರಿಯ ಯಂತ್ರವೊಂದನ್ನು ಬಿಡಿಬಿಡಿಯಾಗಿ ಬಿಚ್ಚಿ ಪೆಟ್ಟಿಗೆಯಲ್ಲಿ ತಂದನು. 1957ರಲ್ಲಿ ಹೊರಬಂದ ಈ ಮಾದರಿಯು ಹೆಸರಿಗೆ ತಕ್ಕಂತೆ, ಕೊಳವೆಯನ್ನು ಸಿಕ್ಕಿಸಿದರೆ ಡಬ್ಬಿಯಂತ್ರದ ಕೆಲಸವನ್ನೂ ಮಾಡಬಲ್ಲದು. ಬಟ್ಟೆಯ ಹೊದಿಕೆಯೊಳಗೆ ಕಾಗದದ ಚೀಲವನ್ನು ಇಡಬಹುದೆಂಬುದರಿಂದ ಆತನು ಇದನ್ನೇ ಆರಿಸಿದ್ದನು. ಅಲ್ಲಿಯ ವಿದ್ಯುತ್ತು 120 ವೋಲ್ಟು, ಇಲ್ಲಿಯದು 230. ನೇರವಾಗಿ ಸಿಕ್ಕಿಸಿದರೆ ಮೋಟಾರು ಸುಟ್ಟುಹೋಗುವುದು. ಹುಬ್ಬಳ್ಳಿಯಿಂದ ವೋಲ್ಟೇಜನ್ನು ಇಳಿಸುವ ಟ್ರಾನ್ಸ್‌ಫಾರ್ಮರೊಂದನ್ನು ತರಿಸಿದೆವು. ಅದರ ತೂಕ ಯಂತ್ರದ ತೂಕಕ್ಕೆ ಹೆಚ್ಚುಕಡಿಮೆ ಸಮನಾಗಿತ್ತು.

ಪ್ರಯೋಗದ ದಿನ ಶಿಕ್ಷಕರೆಲ್ಲರೂ ನೆರೆದಿದ್ದರು. ರತ್ನಗಂಬಳಿಯ ಮೇಲೆ ಯಂತ್ರವು ಅದ್ಭುತವಾಗಿ ನಡೆಯಿತು. ಎಂದೋ ಮಾಸಿದ್ದ ಅಂಚಿನ ಬಳ್ಳಿಯ ಬಣ್ಣ ಹೊರಬಂದುದನ್ನು ಕಂಡು ಮುಖ್ಯೋಪಾಧ್ಯಾಯರು ಅದು ಕೆಂಪೆಂಬುದೇ ತಮಗೆ ಗೊತ್ತಿರಲಿಲ್ಲವೆಂದರು. ಜಮಖಾನೆಯ ಮೇಲೆ ಮಾತ್ರ ಅವಾಂತರವಾಯಿತು. ತೆಳುವಾದ ಹತ್ತಿಯ ಹಾಸನ್ನು ಯಂತ್ರವು ಬಾಯಿಗೆ ಕಚ್ಚಿಕೊಂಡು ಮುದ್ದೆ ಮಾಡಿತು. ಅಂಚಿನ ದಾರಗಳು ಉರುಳೆಗೆ ಸುತ್ತಿಕೊಂಡು ಬೆಲ್ಟು ಸುಟ್ಟ ವಾಸನೆ ಭವನವನ್ನೆಲ್ಲ ತುಂಬಿತು. ಈಗ ಜಮಖಾನೆಯ ಎರಡು ತುದಿಗಳಲ್ಲಿ ಒಬ್ಬೊಬ್ಬ ವಿದ್ಯಾರ್ಥಿಯನ್ನು ನಿಲ್ಲಿಸಿ, ದಾರಗಳನ್ನು ಒಳಕ್ಕೆ ಮಡಿಸಿ, ನಡುವಿನ ಭಾಗವನ್ನಷ್ಟೇ ಗುಡಿಸುವ ಕ್ರಮವನ್ನು ಇಟ್ಟುಕೊಂಡಿದ್ದೇವೆ.

ಯಂತ್ರವನ್ನು ನಡೆಸುವವರು ಹಿರಿಯ ಜವಾನರೇ. ಬೇರೆಯವರು ಮುಟ್ಟುವುದು ಅವರಿಗೆ ಸೇರದು. ಮೊದಲ ತಿಂಗಳು ಕಳೆದ ಮೇಲೆ ಹೇಗಿದೆಯೆಂದು ಕೇಳಿದೆ. "ಝಾಡಸೂದು ತಪ್ಪೇತ್ರಿ ಸರ. ಆದ್ರ ಚೀಲ ತಗದು ಕೊಡವೂ ಹೊತ್ತಿಗೆ ಮತ್ತ ಕೆಮ್ಮು ಬರ್ತದ್ರಿ" ಎಂದರು. ಉಳಿತಾಯದ ದೃಷ್ಟಿಯಿಂದ ಅವರು ಕಾಗದದ ಚೀಲವನ್ನು ಬಿಸಾಡದೆ, ಕೊಡವಿ ಕೊಡವಿ ಮತ್ತೆ ಹಾಕುತ್ತಿದ್ದರು! ಒಂದು ಸಲ ತುಂಬಿದ ಚೀಲವನ್ನು ಬಾಯಿ ಮಡಿಸಿ ಹಾಗೆಯೇ ಎಸೆಯಬೇಕೆಂದು ತಿಳಿಸಿ, ಹೊಸ ಚೀಲಗಳನ್ನು ಎಣಿಸಿ ಅವರ ಕೈಗೇ ಕೊಟ್ಟಿದ್ದೇನೆ. ಶಿಷ್ಯನು ವರ್ಷಕ್ಕೊಮ್ಮೆ ಒಂದು ಕಟ್ಟು ಕಳುಹಿಸುತ್ತಾನೆ. ಬೆಲ್ಟುಗಳು ಆರು ಬಂದಿದ್ದವು. ಜಮಖಾನೆಯ ಪಾಲಾದವು ಹೋಗಿ ಈಗ ಕಪಾಟಿನಲ್ಲಿ ಎರಡು ಉಳಿದಿವೆ.